ಟಾನಿಕ್ ಶೀಶೆಯ ಕೊನೆಯ ಗುಟುಕು

ಕೊಂದವರು ಯಾರೆಂದು ಗೊತ್ತಾದ ಮೇಲೆ ಪತ್ತೇದಾರಿ ಕಾದಂಬರಿಯಲ್ಲಿ ಓದಲು ಏನು ಉಳಿಯುತ್ತದೆ? ಅಗಾಥಾ ಕ್ರಿಸ್ಟಿಯ ಮೊದಲ ಕಾದಂಬರಿ ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ನಲ್ಲಿ ಬೇಕಾದಷ್ಟು ಉಳಿಯುತ್ತದೆ. 1920ರಲ್ಲಿ ಅಮೆರಿಕದಲ್ಲಿ, ಮರುವರ್ಷ ಇಂಗ್ಲೆಂಡಿನಲ್ಲಿ ಅಚ್ಚಾದ ಈ ಪುಸ್ತಕ ಆಕೆಗೆ ತಂದುಕೊಟ್ಟದ್ದು ಬರೀ 25 ಪೌಂಡ್.

ಎಸೆಕ್ಸ್‌ನ ಒಂದು ಬಂಗಲೆ. ಅದರ ಯಜಮಾನಿ ಎಮಿಲಿ ಇಂಗಲ್‌ಥಾರ್ಪ್ ಇಳಿವಯಸ್ಸಿನಲ್ಲಿ, ತನಗಿಂತ ಎಷ್ಟೋ ಚಿಕ್ಕವನನ್ನು ಮದುವೆಯಾಗಿದ್ದಾಳೆ. ಮಲಮಕ್ಕಳಿಗೆ ಆಸ್ತಿಯ ಚಿಂತೆ. ಒಂದು ರಾತ್ರಿ ಆಕೆ ಸೆಟೆದುಕೊಂಡು ಒದ್ದಾಡಿ ಸಾಯುತ್ತಾಳೆ. ಸ್ಟ್ರಿಕ್ನಿನ್ ವಿಷ.

ಆ ವಿಷದ ತವರು ನಮಗೆ ದೂರದ್ದಲ್ಲ. ಕರಾವಳಿ, ಮಲೆನಾಡಿನವರು ಬಲ್ಲ ಕಾಸರಕ ಮರದ ಬೀಜದಲ್ಲಿರುವುದು ಅದೇ. ಆ ಕಾಲದ ಇಂಗ್ಲೆಂಡಿನ ವೈದ್ಯರು ಅದನ್ನು ಅತಿ ಸಣ್ಣ ಪ್ರಮಾಣದಲ್ಲಿ ಟಾನಿಕ್ಕಿಗೆ ಸೇರಿಸಿ ಕೊಡುತ್ತಿದ್ದರು. ಎಮಿಲಿ ದಿನವೂ ಕುಡಿಯುತ್ತಿದ್ದದ್ದು ಅಂಥದ್ದೇ ಟಾನಿಕ್.

ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಕ್ರಿಸ್ಟಿ ಇಂಗ್ಲೆಂಡಿನ ಟಾರ್ಕಿ ಪಟ್ಟಣದ ಆಸ್ಪತ್ರೆಯಲ್ಲಿ ಮೊದಲು ದಾದಿಯಾಗಿದ್ದಳು, ಆಮೇಲೆ ಔಷಧ ಕೊಡುವ ವಿಭಾಗ ಸೇರಿದಳು. ಅಲ್ಲಿನ ಪಾಠವೇ ಕಥೆಯ ಬೆನ್ನೆಲುಬು. ಸ್ಟ್ರಿಕ್ನಿನ್ ಇರುವ ಟಾನಿಕ್ಕಿಗೆ ನಿದ್ದೆಪುಡಿಯ ಬ್ರೋಮೈಡ್ ಬೆರೆಸಿದರೆ ವಿಷ ಹರಳುಗಟ್ಟಿ ತಳಕ್ಕೆ ಇಳಿಯುತ್ತದೆ. ಶೀಶೆ ಅಲುಗಾಡಿಸದಿದ್ದರೆ ಮೊದಲ ಗುಟುಕುಗಳು ನಿರಪಾಯ, ಕೊನೆಯದರಲ್ಲಿ ಸಾವು. ಅಂದರೆ ಕೊಲೆಗಾರ ಊರಲ್ಲೇ ಇರಬೇಕಾಗಿಲ್ಲ! ಓದುಗರು ಮಾತ್ರ ಕಾಫಿ ಬಟ್ಟಲು, ಕೋಕೋ ಲೋಟಗಳ ಹಿಂದೆ ಅಲೆಯುತ್ತಾರೆ. ಔಷಧ ವ್ಯಾಪಾರಿಗಳ ಪತ್ರಿಕೆಯೊಂದು ಈ ವಿವರ ಸರಿಯಾಗಿದೆಯೆಂದು ಮೆಚ್ಚಿ ಬರೆಯಿತು. ಸಾಹಿತ್ಯ ವಿಮರ್ಶಕರ ಹೊಗಳಿಕೆಗಿಂತ ಅದು ಒಂದು ತೂಕ ಹೆಚ್ಚೇ.

ಉಯಿಲಿನ ಸಂಗತಿಯೂ ಅಷ್ಟೇ ಅಚ್ಚುಕಟ್ಟು. ಇಂಗ್ಲೆಂಡಿನ ಕಾನೂನಿನಲ್ಲಿ ಮದುವೆಯಾದರೆ ಹಳೆಯ ಉಯಿಲು ತಾನಾಗಿಯೇ ರದ್ದು. (ಭಾರತದಲ್ಲಿ ಹಿಂದೂಗಳ ಉಯಿಲಿಗೆ ಈ ನಿಯಮವಿಲ್ಲ; ಕನ್ನಡದ ಓದುಗರು ಇಲ್ಲಿ ತುಸು ತಡವರಿಸಬಹುದು.) ಜುಲೈ ಬೇಸಿಗೆಯ ಧಗೆಯಲ್ಲಿ ಎಮಿಲಿ ತನ್ನ ಕೋಣೆಯಲ್ಲಿ ಬೆಂಕಿ ಹಾಕಿಸುತ್ತಾಳೆ. ಬೂದಿಯಲ್ಲಿ ಸುಟ್ಟ ಉಯಿಲಿನ ಚೂರು, ನೆಲದಲ್ಲಿ ಹೂತೋಟದ ಮಣ್ಣು. ಆ ಹೊಸ ಉಯಿಲಿಗೆ ಸಾಕ್ಷಿ ಸಹಿ ಹಾಕಲು ತೋಟದಾಳುಗಳು ಒಳಗೆ ಬಂದಿದ್ದರೆಂದು ಪತ್ತೇದಾರ ಪ್ವಾರೊ ಮಣ್ಣಿನಿಂದಲೇ ಊಹಿಸುತ್ತಾನೆ. ಮೊದಲ ಓದಿನಲ್ಲಿ ಮಣ್ಣು ಕಸದಂತೆ ಕಂಡಿರುತ್ತದೆ.

ಈ ಪ್ವಾರೊ ಬೆಲ್ಜಿಯಂನಿಂದ ಓಡಿಬಂದ ನಿರಾಶ್ರಿತ. ಯುದ್ಧದ ದಿನಗಳಲ್ಲಿ ಟಾರ್ಕಿಗೆ ಅಂಥವರು ಬಹಳ ಮಂದಿ ಬಂದಿದ್ದರು.

ಕ್ರಿಸ್ಟಿ ಮೊದಲು ಬರೆದ ಹಸ್ತಪ್ರತಿಯಲ್ಲಿ ಅವನು ಗುಟ್ಟು ಬಿಡಿಸುವುದು ನ್ಯಾಯಾಲಯದ ಸಾಕ್ಷಿಕಟ್ಟೆಯಲ್ಲಿ. ಸಾಕ್ಷಿಗೆ ಅಷ್ಟು ಉದ್ದದ ಭಾಷಣ ಮಾಡಲು ಯಾವ ನ್ಯಾಯಾಧೀಶ ಬಿಟ್ಟಾನು? ಪ್ರಕಾಶಕ ಜಾನ್ ಲೇನ್ ಒಪ್ಪಲಿಲ್ಲ. ಆಕೆ ಅಧ್ಯಾಯವನ್ನು ತಿದ್ದಿದಳು. ಪ್ವಾರೊ ಮನೆಯವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿ ಮಾತು ಶುರುಮಾಡಿದ. ಆಮೇಲಿನ ಎಷ್ಟೋ ಕಾದಂಬರಿಗಳಲ್ಲೂ ಅವನು ಹಾಗೆಯೇ ಕೂರಿಸಿದ.