ಆಟದ ಹಿಂದೆ ಶಿಕ್ಷಕಿ

ಮಗು ಆಡುತ್ತಾ ಕೂತರೆ ಅಕ್ಷರ ಕಲಿಯುವುದು ಯಾವಾಗ ಎಂಬ ಹೆತ್ತವರ ಆತಂಕ ಸಹಜ. ಅದಕ್ಕೆ ಉತ್ತರ ಒಂದು ಹಳೆಯ ಪ್ರಯೋಗದಲ್ಲಿದೆ. 1962ರಲ್ಲಿ ಅಮೆರಿಕದ ಇಪ್ಸಿಲಾಂಟಿಯಲ್ಲಿ ಡೇವಿಡ್ ವೈಕಾರ್ಟ್ ಆರಂಭಿಸಿದ ಪೆರಿ ಪ್ರಯೋಗದಲ್ಲಿ 123 ಬಡ ಮಕ್ಕಳಿದ್ದರು. ಶಾಲಾಪೂರ್ವ ಶಿಕ್ಷಣ ಸಿಕ್ಕಿದ್ದು ಒಂದು ಗುಂಪಿಗೆ ಮಾತ್ರ. ಅಲ್ಲಿ ಆಟಕ್ಕೊಂದು ಕ್ರಮವಿತ್ತು: ಮರದ ತುಂಡುಗಳಿಂದ ಏನು ಕಟ್ಟುವೆ ಎಂದು ಮಗು ಮೊದಲೇ ಹೇಳಬೇಕು, ಕಟ್ಟಬೇಕು, ಆಮೇಲೆ ಏನಾಯಿತೆಂದು ವಿವರಿಸಬೇಕು. 40ರ ವಯಸ್ಸಿಗೆ ಆ ಗುಂಪಿನಲ್ಲಿ ಶಾಲೆ ಮುಗಿಸಿದವರು, ದುಡಿಯುವವರು ಇನ್ನೊಂದು ಗುಂಪಿಗಿಂತ ಹೆಚ್ಚಿದ್ದರು.

ಪ್ರಯೋಗ ಚಿಕ್ಕದು, ಬುದ್ಧಿಮತ್ತೆಯ ಅಂಕಗಳ ಮುನ್ನಡೆಯೂ ಬೇಗ ಕರಗಿತು ಎಂಬ ಆಕ್ಷೇಪ ನಿಜವೇ. ಆದರೆ ಬದುಕಿಗೆ ಒದಗಿದ್ದು ಅಂಕವಲ್ಲ, ನಡವಳಿಕೆ. ಅದನ್ನು ರೂಪಿಸಿದವರು ತರಬೇತಾದ ಶಿಕ್ಷಕಿಯರು. ಅವರು ವಾರಕ್ಕೊಮ್ಮೆ ಮಕ್ಕಳ ಮನೆಗೂ ಹೋಗುತ್ತಿದ್ದರು. ಹಾಗಾಗಿ ನಮ್ಮ ಅಂಗನವಾಡಿಗೆ ಆಟಿಕೆ ಕಳಿಸಿದರೆ ಸಾಲದು. ಯಾವಾಗ ಪ್ರಶ್ನಿಸಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಕಾರ್ಯಕರ್ತೆಗೆ ಕಲಿಸಬೇಕು, ಅದಕ್ಕೆ ಬೇಕಾದ ಬಿಡುವನ್ನೂ ಕೊಡಬೇಕು.