ಆಕಾಶಬುಟ್ಟಿಗೆ ಬೆಳಕಿನ ಎಳೆ

(ಹಿಡಕಲ್ ಜಲಾಶಯದ ಸುತ್ತಲಿನ ಹಳ್ಳಿಗಳ ಜನರಿಗೂ ವಿದ್ಯಾರ್ಥಿಗಳಿಗೂ ಸಿದ್ಧಪಡಿಸಿದ ಉಪನ್ಯಾಸದ ಬರಹರೂಪ)



ಘಟಪ್ರಭೆಯ ದಂಡೆಯ ಜನರಿಗೆ ನೀರಿಗೂ ಬೆಳಕಿಗೂ ಇರುವ ನಂಟು ಹೊಸದಲ್ಲ. ಗೋಕಾಕದಲ್ಲಿ 52 ಮೀಟರ್ ಎತ್ತರದಿಂದ ಧುಮುಕುವ ನೀರಿನ ಬಲದಿಂದ 1880ರ ದಶಕದಲ್ಲಿಯೇ ಹತ್ತಿಯ ಗಿರಣಿ ನಡೆಯಿತು. 1977ರಲ್ಲಿ ಪೂರ್ಣಗೊಂಡ ಹಿಡಕಲ್ ಅಣೆಕಟ್ಟಿನ ಬಳಿ ಇಂದು 32 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರವಿದೆ. ಈ ಅಣೆಕಟ್ಟು ಹಿಡಿದಿಡುವ ಸುಮಾರು 51 ಟಿಎಂಸಿ ನೀರಿಗಾಗಿ ಊರುಗಳು, ಹೊಲಗಳು ಮುಳುಗಿದವು. ಹುನ್ನೂರಿನ ವಿಠ್ಠಲನ ಗುಡಿ ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆ ಕಾಣಿಸಿಕೊಂಡು, ಮಳೆಗಾಲದಲ್ಲಿ ಮತ್ತೆ ಒಳಗೆ ಹೋಗುತ್ತದೆ. ಇಷ್ಟು ಬೆಲೆ ತೆತ್ತು ಪಡೆದ ವಿದ್ಯುತ್ತು ಹಬ್ಬದ ದಿನಗಳಲ್ಲಿ ಹೇಗೆ ಬಳಕೆಯಾಗುತ್ತಿದೆ, ಅದನ್ನು ಜೀವಕ್ಕೆ ಅಪಾಯವಿಲ್ಲದಂತೆ ಬಳಸುವ ದಾರಿ ಯಾವುದು ಎಂಬುದೇ ಈ ಮಾತುಗಳ ವಿಷಯ.

ಗಣೇಶನ ಮಂಟಪಕ್ಕೂ ದೀಪಾವಳಿಯ ಆಕಾಶಬುಟ್ಟಿಗೂ ಇಂದು ಸೀರಿಯಲ್ ಸೆಟ್ ಇಲ್ಲದೆ ಅಲಂಕಾರವೇ ಇಲ್ಲವೆಂಬಂತಾಗಿದೆ. ತಗಡಿನ ಚಾವಣಿಯ ಮೇಲೆ, ಬೇವಿನ ಕೊಂಬೆಯ ಮೇಲೆ, ದನದ ಕೊಟ್ಟಿಗೆಯ ಗಳುವಿನ ಮೇಲೆ ಅದು ಹರಿದಾಡುತ್ತದೆ. ಕಡಲೆಕಾಳಿನಷ್ಟು ಸಣ್ಣ ಬಲ್ಬಿನಲ್ಲಿ ಎಷ್ಟು ಕರೆಂಟು ಇದ್ದೀತು ಎಂಬುದು ಸಾಮಾನ್ಯ ತಿಳಿವಳಿಕೆ. ಈ ತಿಳಿವಳಿಕೆಯೇ ಅಪಾಯದ ಮೂಲ. 70 ಬಲ್ಬುಗಳನ್ನು ಒಂದರ ಹಿಂದೊಂದು ಪೋಣಿಸಿ 230 ವೋಲ್ಟ್‌ಗೆ ಜೋಡಿಸಿದಾಗ ಪ್ರತಿಯೊಂದು ಬಲ್ಬಿನ ಪಾಲಿಗೆ ಬರುವುದು 3 ವೋಲ್ಟ್‌ಗಿಂತ ತುಸು ಹೆಚ್ಚು, ನಿಜ. ಆದರೆ ಅದು ಬಲ್ಬಿನ ಎರಡು ಕಾಲುಗಳ ನಡುವಿನ ಲೆಕ್ಕ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತ ಹುಡುಗನ ಕೈ ಸುಲಿದ ತಂತಿಗೆ ತಗುಲಿದರೆ ಲೆಕ್ಕ ಬೇರೆಯಾಗುತ್ತದೆ. ಅದು ಆ ತಂತಿಗೂ ನೆಲಕ್ಕೂ ನಡುವಿನ ಲೆಕ್ಕ. ಅಲ್ಲಿ 230 ವೋಲ್ಟ್‌ಗಳೂ ಇರಬಹುದು. ಮಾಲೆಯ ನಡುವೆ ತಂತಿ ತುಂಡಾಗಿ ದೀಪಗಳೆಲ್ಲ ಆರಿದ್ದರೂ ಫೇಸ್ ಇರುವ ಕಡೆಯ ತುದಿಯಲ್ಲಿ ವಿದ್ಯುತ್ತು ಕಾದುಕೊಂಡೇ ಇರುತ್ತದೆ. ಆರಿದ ಮಾಲೆ ಸತ್ತ ಮಾಲೆಯಲ್ಲ.

ಮನೆಯ ಫ್ಯೂಜು ಇಂತಹ ಹೊತ್ತಿನಲ್ಲಿ ಕಾಪಾಡುವುದಿಲ್ಲ ಎಂಬುದನ್ನೂ ಹೇಳಬೇಕು. ಅದು 5 ಆಂಪಿಯರ್ ದಾಟಿದಾಗ ಸುಡುವಂಥದು. ಮನುಷ್ಯನ ಎದೆಯ ಬಡಿತ ಕೆಡಲು ಅದರ ನೂರರಲ್ಲೊಂದು ಪಾಲು ಸಾಕು. 30 ಮಿಲಿ ಆಂಪಿಯರ್ ಸೋರಿದೊಡನೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಎಂಬ ಸಾಧನವಿದೆ. ಹಬ್ಬವಿರಲಿ, ಇಲ್ಲದಿರಲಿ, ಅದು ಪ್ರತಿ ಮನೆಯಲ್ಲಿಯೂ ಇರತಕ್ಕದ್ದು. ಎತ್ತು, ಎಮ್ಮೆಗಳ ಸ್ಥಿತಿ ಮನುಷ್ಯರಿಗಿಂತ ಕಷ್ಟದ್ದು: ನಾಲ್ಕು ಕಾಲುಗಳನ್ನು ದೂರದೂರ ಊರಿ ಒದ್ದೆ ನೆಲದ ಮೇಲೆ ನಿಲ್ಲುವ ಪ್ರಾಣಿಗೆ ನೆಲದಲ್ಲಿ ಹರಿಯುವ ಸೋರಿಕೆಯೂ ಮಾರಕವಾದೀತು.

ಹಾಗಾದರೆ ಅಲಂಕಾರವೇ ಬೇಡವೇ? ಹಾಗಲ್ಲ. ಹಬ್ಬಕ್ಕೆ ಬೇಕಾದುದು ಬೆಳಕು, ವಿದ್ಯುತ್ತಲ್ಲ. ವಿದ್ಯುತ್ತನ್ನು ಒಂದೇ ಕಡೆ, ಒಣ ಜಾಗದ ಪೆಟ್ಟಿಗೆಯೊಂದರಲ್ಲಿ ಇರಿಸಿ, ಅಲ್ಲಿಂದ ಬೆಳಕನ್ನಷ್ಟೇ ಆಕಾಶಬುಟ್ಟಿಯ ತನಕ ಹರಿಸುವಂತಿದ್ದರೆ ಸಾಕು. ಆಪ್ಟಿಕಲ್ ಫೈಬರ್, ಎಂದರೆ ಬೆಳಕಿನ ಎಳೆ, ಮಾಡುವ ಕೆಲಸ ಇದೇ.

ಇದರ ತತ್ತ್ವವನ್ನು ನೀರೇ ಕಲಿಸಿತು. 1840ರ ದಶಕದ ಆರಂಭದಲ್ಲಿ ಜಿನೀವಾದ ಡೇನಿಯಲ್ ಕೊಲಾಡನ್ ತೊಟ್ಟಿಯೊಂದರ ರಂಧ್ರದಿಂದ ಚಿಮ್ಮುವ ನೀರಿನ ಧಾರೆಯೊಳಕ್ಕೆ ಬೆಳಕು ಹಾಯಿಸಿದನು. ಧಾರೆ ಬಾಗಿದೊಡನೆ ಬೆಳಕೂ ಬಾಗಿ ನಡೆಯಿತು. 1854ರಲ್ಲಿ ಜಾನ್ ಟಿಂಡಾಲ್ ಲಂಡನ್ನಿನಲ್ಲಿ ಇದನ್ನೇ ಪ್ರದರ್ಶಿಸಿದನು. ನೀರಿನೊಳಗಿನ ಬೆಳಕು ಧಾರೆಯ ಅಂಚನ್ನು ಓರೆಯಾಗಿ ಮುಟ್ಟಿದಾಗ ಹೊರಗಿನ ಗಾಳಿಗೆ ದಾಟಲಾರದೆ ಪೂರ್ತಿಯಾಗಿ ಒಳಕ್ಕೇ ಮರಳುತ್ತದೆ. ಇದಕ್ಕೆ ಪೂರ್ಣ ಆಂತರಿಕ ಪ್ರತಿಫಲನವೆಂದು ಹೆಸರು. ವಿದ್ಯಾರ್ಥಿಗಳು ಇದನ್ನು ಶಾಲೆಯ ಕತ್ತಲೆ ಕೋಣೆಯಲ್ಲಿ ನೋಡಬಹುದು. ಪ್ಲಾಸ್ಟಿಕ್ ಬಾಟಲಿಯ ಬದಿಗೆ ತೂತು ಕೊರೆದು ನೀರು ತುಂಬಿ, ಎದುರು ಬದಿಯಿಂದ ಟಾರ್ಚ್ ಹಿಡಿದರೆ ಬೆಳಕು ಧಾರೆಯೊಡನೆ ಇಳಿದು ಕೆಳಗಿನ ಬಕೆಟ್ಟಿನಲ್ಲಿ ಹೊಳೆಯುತ್ತದೆ. ಗೋಕಾಕದ ಜಲಪಾತದ ನೆತ್ತಿಯಲ್ಲಿ ದೀಪವಿಟ್ಟರೆ ಬುಡದಲ್ಲಿ ಬೆಳಕು ಕಾಣುವುದೇ ಎಂದು ಚುರುಕಾದ ಹುಡುಗಿಯೊಬ್ಬಳು ಕೇಳಬಹುದು. ಕಾಣದು. ಧಾರೆ ಒಡೆದು ಹನಿಯಾದೊಡನೆ ಬೆಳಕು ಚೆಲ್ಲಿಹೋಗುತ್ತದೆ. ದಾರಿ ನುಣುಪಾಗಿಯೂ ಅಖಂಡವಾಗಿಯೂ ಇರಬೇಕು.

1889ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಬಣ್ಣದ ಬೆಳಕಿನ ಕಾರಂಜಿಗಳಾಗಿ ಈ ವಿದ್ಯೆ ಜನರ ಮುಂದೆ ಬಂದಿತು. ಎಂದರೆ ದೂರವಾಣಿಗೆ ಬರುವ ಎಷ್ಟೋ ಮೊದಲೇ ಇದು ಹಬ್ಬಕ್ಕೆ ಬಂದಿತ್ತು! ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸುವ ಕೆಲಸದಲ್ಲಿ ಪಂಜಾಬಿನ ನರಿಂದರ್ ಸಿಂಗ್ ಕಪಾನಿಯವರು 1954ರಲ್ಲಿ ಹಾಪ್‌ಕಿನ್ಸ್ ಅವರೊಡನೆ ಹೆಸರು ಮಾಡಿದರು. ಎಳೆಗಳಲ್ಲಿ ದೂರದೂರಕ್ಕೆ ಸಂದೇಶ ಕಳಿಸಬಹುದೆಂದು 1966ರಲ್ಲಿ ತೋರಿಸಿದ ಚಾರ್ಲ್ಸ್ ಕಾವೋ ಅವರಿಗೆ 2009ರಲ್ಲಿ ನೊಬೆಲ್ ದೊರಕಿತು.

ಇಲ್ಲೊಂದು ಎಚ್ಚರಿಕೆ. ಗ್ರಾಮ ಪಂಚಾಯಿತಿಗಳಿಗೆ ಅಂತರಜಾಲ ಒದಗಿಸಲು 2011ರಲ್ಲಿ ಮಂಜೂರಾಗಿ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯ ಕೇಬಲ್ಲುಗಳು ಹಳ್ಳಿಗಳನ್ನು ಮುಟ್ಟಿವೆ. ರಸ್ತೆಬದಿಯಲ್ಲಿ ಬಿದ್ದ ಅಂತಹ ತುಂಡುಗಳನ್ನು ಅಲಂಕಾರಕ್ಕೆ ತರಬಾರದು. ಅದು ಕೂದಲಿನಷ್ಟು ಸಪುರವಾದ ಗಾಜು. ಬೆಳಕು ನಡೆಯುವ ಅದರ ತಿರುಳಿನ ಅಗಲ ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗಕ್ಕಿಂತಲೂ ಕಡಿಮೆಯಾದುದರಿಂದ ಟಾರ್ಚಿನ ಬೆಳಕು ಅದರೊಳಗೆ ಹಿಡಿಯುವುದೇ ಇಲ್ಲ. ಮುರಿದ ಚೂರು ಚರ್ಮಕ್ಕೆ ಚುಚ್ಚಿಕೊಂಡರೆ ಹುಡುಕಿ ತೆಗೆಯುವುದು ಕಷ್ಟ. ಕಣ್ಣಿಗೆ ಹೋದರೆ ಕೇಳುವುದೇ ಬೇಡ. ಬಳಕೆಯಲ್ಲಿರುವ ಕೇಬಲ್ಲಿನ ತುದಿಯಲ್ಲಿಯಂತೂ ಕಣ್ಣಿಗೆ ಕಾಣದ ಲೇಸರ್ ಇರುತ್ತದೆ.

ಅಲಂಕಾರಕ್ಕೆ ತಕ್ಕುದು ಅಕ್ರಿಲಿಕ್ ಪ್ಲಾಸ್ಟಿಕ್ಕಿನ ಎಳೆ. ಮುಕ್ಕಾಲು ಮಿಲಿಮೀಟರ್ ದಪ್ಪದ ನೂರು ಎಳೆಗಳನ್ನು ಕಟ್ಟಿದರೆ ಕಿರುಬೆರಳಿನಷ್ಟು ದಪ್ಪದ ಕಟ್ಟಾಗುತ್ತದೆ. ಕಟ್ಟಿನ ಬುಡವನ್ನು ಹರಿತವಾದ ಬ್ಲೇಡಿನಿಂದ ಸಮನಾಗಿ ಕತ್ತರಿಸಿ, ನುಣುಪು ಸ್ಯಾಂಡ್ ಪೇಪರಿನ ಮೇಲೆ ನೀರು ಹಾಕಿ ತಿಕ್ಕಬೇಕು. ತುದಿ ಮಸುಕಾಗಿದ್ದರೆ ಒಳಹೋಗಬೇಕಾದ ಬೆಳಕು ಬಾಗಿಲಲ್ಲಿಯೇ ಚದುರುತ್ತದೆ. ಕಟ್ಟಿನೆದುರು 3 ವ್ಯಾಟಿನ ಒಂದೇ ಎಲ್‌ಇಡಿ ಸಾಕು, ಆದರೆ ನಡುವೆ ಮಸೂರವಿರಬೇಕು. ಈ ಎಳೆ ಸುಮಾರು 30 ಡಿಗ್ರಿಯೊಳಗಿನ ಓರೆಯಲ್ಲಿ ಬಂದ ಬೆಳಕನ್ನು ಮಾತ್ರ ಒಪ್ಪಿಕೊಳ್ಳುತ್ತದೆ. ಎಲ್‌ಇಡಿಯೋ ಎಲ್ಲ ಕಡೆಗೂ ಚೆಲ್ಲುವ ಸ್ವಭಾವದ್ದು. ಮಸೂರವಿಲ್ಲದಿದ್ದರೆ ಮುಕ್ಕಾಲು ಪಾಲು ಬೆಳಕು ಪೆಟ್ಟಿಗೆಯಲ್ಲಿಯೇ ನಷ್ಟ. ಒಳಹೊಕ್ಕ ಬೆಳಕು ಮಾತ್ರ ಚೆನ್ನಾಗಿ ಸಾಗುತ್ತದೆ: ಐದು ಮೀಟರ್ ನಡೆದರೂ ಕಳೆದುಕೊಳ್ಳುವುದು ಐದರಲ್ಲೊಂದು ಪಾಲು ಮಾತ್ರ. ಜಗಲಿಯಿಂದ ಅಂಗಳದ ಆಕಾಶಬುಟ್ಟಿಗೆ ಅಷ್ಟು ಉದ್ದ ಧಾರಾಳವಾಯಿತು.

ಹಿಂದೆ ಇಂತಹ ಪೆಟ್ಟಿಗೆಗಳಲ್ಲಿ ಹ್ಯಾಲೋಜನ್ ಬಲ್ಬುಗಳಿದ್ದು ಅವುಗಳ ಶಾಖಕ್ಕೆ ಎಳೆಗಳ ತುದಿ ಕರಗುತ್ತಿತ್ತು. ಅಕ್ರಿಲಿಕ್ ಎಳೆಯನ್ನು 70 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಿಸುವುದು ಒಳ್ಳೆಯದಲ್ಲ. ಎಲ್‌ಇಡಿಯ ಶಾಖ ಮುಂದಕ್ಕೆ ಬರದೆ ಬೆನ್ನಿಗೆ ಇಳಿಯುತ್ತದೆ. ಬೆನ್ನಿಗೆ ಅಲ್ಯೂಮಿನಿಯಂ ತುಂಡೊಂದನ್ನು ಬಿಗಿದು, ಪೆಟ್ಟಿಗೆಯ ಪಕ್ಕಗಳಲ್ಲಿ ಗಾಳಿಗೆ ಕಿಂಡಿ ಬಿಟ್ಟು, ಎಳೆಗಳ ತುದಿಯನ್ನು ಎಲ್‌ಇಡಿಗೆ ತಾಗಿಸದೆ ನಿಲ್ಲಿಸಿದರೆ ಸಾಕು. ಇನ್ನು, ಎಣ್ಣೆಯ ಪಣತಿಗಳನ್ನು ಈ ಎಳೆಗಳ ಬಳಿ ಇಡಲೇಬಾರದು. ಅಕ್ರಿಲಿಕ್ ಉರಿಯುವ ವಸ್ತು. ಪಣತಿಯ ಸ್ಥಾನ ಹೊಸ್ತಿಲಲ್ಲಿ, ಎಳೆಯ ಸ್ಥಾನ ಗಳುವಿನ ಮೇಲೆ. ಒಂದು ಇನ್ನೊಂದಕ್ಕೆ ಬದಲಿಯಲ್ಲ.

ಪೆಟ್ಟಿಗೆಗೆ ವಿದ್ಯುತ್ತು ಕೊಡುವಲ್ಲಿಯೂ ಜಿಪುಣತನ ಸಲ್ಲದು. ಅಗ್ಗದ ಕೆಲವು ಎಲ್‌ಇಡಿ ಡ್ರೈವರುಗಳಲ್ಲಿ ಒಳಬರುವ 230 ವೋಲ್ಟ್‌ಗೂ ಹೊರಹೋಗುವ ತಂತಿಗೂ ಬೇರ್ಪಡೆಯೇ ಇರುವುದಿಲ್ಲ. ಮೇಲೆ ಕಡಿಮೆ ವೋಲ್ಟ್ ಎಂದು ಬರೆದಿದ್ದರೂ ಮುಟ್ಟಿದರೆ ಹೊಡೆಯುತ್ತದೆ. ಭಾರತೀಯ ಮಾನಕ ಬ್ಯೂರೋದ ಗುರುತುಳ್ಳ 12 ವೋಲ್ಟಿನ ಅಡಾಪ್ಟರ್ ಮನೆಯೊಳಗಿರಲಿ. ಜಗಲಿಯ ಪೆಟ್ಟಿಗೆಗೆ ಬರುವುದು 12 ವೋಲ್ಟ್ ಮಾತ್ರವಾಗಿರಲಿ. ಕರೆಂಟು ಕೈಕೊಡುವ ಹಳ್ಳಿಗಳಲ್ಲಿ 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿ ಇನ್ನೂ ಒಳ್ಳೆಯದು. ಡ್ರೈವರಿನ ನಷ್ಟವೂ ಸೇರಿ 4 ವ್ಯಾಟಿನಂತೆ ರಾತ್ರಿಗೆ ಐದು ಗಂಟೆ ಉರಿಸಿದರೆ 20 ವ್ಯಾಟ್-ಗಂಟೆ ಖರ್ಚು. ಅರ್ಧ ಬ್ಯಾಟರಿಯಲ್ಲಿ ಎರಡು ರಾತ್ರಿ ಕಳೆಯುತ್ತವೆ. ಬ್ಯಾಟರಿಯ ಧನ ತುದಿಗೆ ಹತ್ತಿರದಲ್ಲಿಯೇ 1 ಆಂಪಿಯರ್ ಫ್ಯೂಜು ಹಾಕಬೇಕು. ಬ್ಯಾಟರಿ ಹೊಡೆಯುವುದಿಲ್ಲವಾದರೂ ತಂತಿಗಳು ಒಂದಕ್ಕೊಂದು ತಾಗಿದರೆ ಬೆಂಕಿ ಹತ್ತಿಸಬಲ್ಲದು.

ಇಷ್ಟಾದ ಮೇಲೆ ಮಕ್ಕಳ ಕೆಲಸ ಆರಂಭ. ಎಳೆಯಲ್ಲಿ ವಿದ್ಯುತ್ತಿಲ್ಲ, ಶಾಖವೂ ಇಲ್ಲ. ಮಳೆಯಲ್ಲಿ ನೆನೆಯಬಹುದು, ಕೈಯಲ್ಲಿ ಹಿಡಿಯಬಹುದು, ಬೇಕಾದಷ್ಟಕ್ಕೆ ಕತ್ತರಿಸಬಹುದು. ಬಿಗಿಯಾಗಿ ಮಡಿಸದೆ, ಬಳೆಯಷ್ಟು ಅಗಲದ ತಿರುವು ಕೊಟ್ಟರಾಯಿತು. ಬಿದಿರಿನ ಕಡ್ಡಿ, ಗಾಳಿಪಟದ ಹಾಳೆಯ ಆಕಾಶಬುಟ್ಟಿ ಇದ್ದೇ ಇದೆ. ಒಣಗಿದ ಸೋರೆಬುರುಡೆಗೆ ದಬ್ಬಳದಿಂದ ಸಣ್ಣ ತೂತುಗಳನ್ನಿಟ್ಟು ಒಂದೊಂದರಲ್ಲಿ ಒಂದೊಂದು ಎಳೆ ತೂರಿಸಿದರೆ ಬುರುಡೆಯ ಮೈಯೆಲ್ಲ ಚುಕ್ಕಿಗಳಾಗುತ್ತವೆ. ಗೋಕಾಕದ ಕುಶಲಕರ್ಮಿಗಳು ನಿಜವಾದ ಹಣ್ಣೋ ಬೊಂಬೆಯೋ ಎಂದು ಸಂಶಯ ಬರುವಂತೆ ಮಾವು, ಬಾಳೆ, ಸೀತಾಫಲಗಳನ್ನು ಮಾಡುವವರು. ಅಂತಹ ಬೊಂಬೆಯ ಒಡಲಿನಿಂದ ಬೆಳಕಿನ ಕಾಳುಗಳು ಇಣುಕುವಂತೆ ಮಾಡಿದರೆ, ಚಿಂತಾಮಣಿಯಂತಹ ಈ ಕಸುಬಿಗೆ ಹೊಸ ಗಿರಾಕಿಗಳು ದೊರೆತಾರು. ಬೆಳಗಾವಿ ಕಡೆಯ ಕ್ರೈಸ್ತ ಮನೆಗಳ ಕ್ರಿಸ್‌ಮಸ್ ಗೋದಲಿಗೂ ಇದು ಒಪ್ಪುತ್ತದೆ; ಒಣಹುಲ್ಲಿನ ನಡುವೆ ಬಿಸಿ ಬಲ್ಬು ಇಡುವುದಕ್ಕಿಂತ ಎಷ್ಟೋ ಲೇಸು.

ಮಿನುಗು ಬೇಕೆಂದರೆ ಎಲ್‌ಇಡಿಗೂ ಕಟ್ಟಿಗೂ ನಡುವೆ ತೂತುಗಳುಳ್ಳ ರಟ್ಟಿನ ಚಕ್ರವೊಂದನ್ನು ಆಟಿಕೆಯ ಮೋಟಾರಿನಿಂದ ನಿಧಾನವಾಗಿ ತಿರುಗಿಸಬೇಕು. ಬಣ್ಣ ಬೇಕೆಂದರೆ ಆ ತೂತುಗಳಿಗೆ ಬಣ್ಣದ ಜೆಲಾಟಿನ್ ಹಾಳೆ ಅಂಟಿಸಬೇಕು. ಕೊಂಡು ತಂದ ಮಾಲೆಯಲ್ಲಿ ಕಾರ್ಖಾನೆಯವರು ಇಟ್ಟಷ್ಟೇ ಆಟ. ಇಲ್ಲಿ ಪ್ರತಿ ವರ್ಷ ಬುರುಡೆ ಬೇರೆ, ಚಿತ್ರ ಬೇರೆ, ಪೆಟ್ಟಿಗೆ ಮಾತ್ರ ಅದೇ.

ಚಿತ್ರಕ್ಕೆ ಒಂದು ಸಲಹೆ. ಕಾರ್ತಿಕ ಮಾಸಕ್ಕೆ ಹೆಸರು ಬಂದುದು ಕೃತ್ತಿಕೆಯಿಂದ. ದೀಪಾವಳಿಯ ದಿನಗಳಲ್ಲಿ ಕತ್ತಲಾದ ಸ್ವಲ್ಪ ಹೊತ್ತಿಗೆ ಪೂರ್ವದಲ್ಲಿ ಆ ನಕ್ಷತ್ರಪುಂಜ ಮೇಲೇರುತ್ತದೆ. ಮಕ್ಕಳು ಅಂಗಳದಲ್ಲಿ ನಿಂತು ಅದನ್ನು ನೋಡಿ ಬುರುಡೆಯ ಮೇಲೆ ಅದರಂತೆಯೇ ಚುಕ್ಕಿಗಳನ್ನಿಡಲಿ. ಆದರೆ ನೋಡಲು ಅಂಗಳ ಕತ್ತಲಾಗಿರಬೇಕಲ್ಲ!

ಈ ಕತ್ತಲೆಯ ಮಾತು ಬೆಳೆಗೂ ಸಂಬಂಧಿಸಿದ್ದು. ಸೇವಂತಿಗೆಯು ರಾತ್ರಿ ದೀರ್ಘವಾದಾಗ ಮೊಗ್ಗು ಕಟ್ಟುವ ಗಿಡ. ಹೂವನ್ನು ತಡಮಾಡಬೇಕೆಂದಿರುವ ಬೆಳೆಗಾರರು ಬೇಕೆಂದೇ ನಡುರಾತ್ರಿ ಹೊಲದಲ್ಲಿ ಬಲ್ಬು ಉರಿಸುವುದುಂಟು. ಹಬ್ಬದ ನಾಲ್ಕು ದಿನಗಳ ದೀಪದಿಂದ ಬೆಳೆಗೆ ಕೇಡಿಲ್ಲ. ಆದರೆ ತುಳಸಿ ಲಗ್ನದ ನಂತರವೂ ತಿಂಗಳುಗಟ್ಟಲೆ ಹೊಲದಂಚಿನಲ್ಲಿ ಉರಿಯುವ ಫ್ಲಡ್ ಲೈಟಿನ ಪಕ್ಕದ ಸಾಲುಗಳು ಮೊಗ್ಗು ಕಟ್ಟಲು ಹಿಂದೇಟು ಹಾಕಿದರೆ ಗೊಬ್ಬರವನ್ನು ಬೈದು ಫಲವಿಲ್ಲ. ಕೀಟಗಳ ವಿಷಯ ರೈತರಿಗೆ ಹೇಳಬೇಕಾಗಿಲ್ಲ. ಬೆಳಕಿನ ಬಲೆ ಇಟ್ಟು ಪತಂಗ ಹಿಡಿದವರೇ ಅವರು. ನೀಲಿ, ಬಿಳಿ ಬೆಳಕಿಗಿಂತ ಹಳದಿ ಬೆಳಕಿಗೆ ಹುಳುಗಳು ಕಡಿಮೆ ಬರುತ್ತವೆ; ಎಲ್‌ಇಡಿ ಕೊಳ್ಳುವಾಗ ಇದನ್ನು ನೆನೆಯಬೇಕು. ಧೂಪದಾಳದ ಒಡ್ಡಿನ ಹಿನ್ನೀರು ಘಟಪ್ರಭಾ ಪಕ್ಷಿಧಾಮವಾಗಿದ್ದು, ದೂರದೇಶದ ಕ್ರೌಂಚಗಳೂ ಕೊಕ್ಕರೆಗಳೂ ಚಳಿಗಾಲವನ್ನು ಕಳೆಯಲು ಅಲ್ಲಿಗೆ ಬರುತ್ತವೆ. ಅವು ಇಳಿಯುವ ಕಾಲವೇ ದೀಪಾವಳಿಯ ಆಸುಪಾಸು. ಎಳೆಯ ತುದಿಯ ಚುಕ್ಕಿ ಹತ್ತಿರ ಬಂದವರಿಗಷ್ಟೇ ಕಾಣುವಂಥದು, ನೀರಿನಾಚೆಗೆ ಚೆಲ್ಲುವಂಥದಲ್ಲ.

ಈ ಎಳೆಯೂ ಪ್ಲಾಸ್ಟಿಕ್ಕೇ ಎಂಬುದನ್ನು ಮರೆಮಾಚಬಾರದು. ಕತ್ತರಿಸುವಾಗ ಬೀಳುವ ಚೂರುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ ಕೂಡಿಡಬೇಕು. ತಿಪ್ಪೆಗೆ ಹಾಕಿದರೆ ಗೊಬ್ಬರದೊಡನೆ ಹೊಲ ಸೇರುತ್ತವೆ, ಮೇವಿನೊಡನೆ ದನದ ಹೊಟ್ಟೆ ಸೇರುತ್ತವೆ. ಒಂದೇ ವರ್ಷ ಬಳಸಿ ಎಸೆಯುವುದಾದರೆ ಇದು ಸೀರಿಯಲ್ ಸೆಟ್ಟಿಗಿಂತ ಮೇಲೇನಲ್ಲ. ತುಳಸಿ ಲಗ್ನ ಮುಗಿದ ಮೇಲೆ ಎಳೆಗಳನ್ನು ಬುರುಡೆಯಿಂದ ಬಿಡಿಸಿ, ಒಣ ಬಟ್ಟೆಯಲ್ಲಿ ಒರೆಸಿ, ತಟ್ಟೆಯಗಲದ ಸಿಂಬಿಯಾಗಿ ಸುತ್ತಿ, ತಗಡಿನ ಡಬ್ಬಿಯಲ್ಲಿ ಮುಚ್ಚಿಡಬೇಕು. ಬಟ್ಟೆಯ ಗಂಟಿನಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟರೆ ಮುಂದಿನ ಗಣೇಶ ಚೌತಿಗೆ ತೆಗೆಯುವ ಹೊತ್ತಿಗೆ ಇಲಿಗಳು ಅರ್ಧ ಕಡಿದಿರುತ್ತವೆ.