ಹಳೆಯ ಮನೆಯ ಮಹಡಿಗೆ ಹೊಸ ಬಚ್ಚಲು

(ಮಲೆನಾಡಿನ ಮನೆಗಳ ದುರಸ್ತಿಯನ್ನು ಕುರಿತು ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪರಿಸರವೆಂದೊಡನೆ ಕಾಡು, ಹೊಳೆ, ವನ್ಯಮೃಗಗಳ ನೆನಪಾಗುವುದು ಸಹಜ. ಆದರೆ ಕಾಡಿನ ಮರವನ್ನೂ ಹೊಳೆಯ ಮರಳನ್ನೂ ಸದ್ದಿಲ್ಲದೆ ಬಳಸಿಕೊಳ್ಳುವ ತಾಣವೊಂದು ಪ್ರತಿ ಕುಟುಂಬಕ್ಕೂ ಇದೆ, ಅದು ಮನೆ. ಅಜ್ಜ ಕಟ್ಟಿಸಿದ ಹೆಂಚಿನ ಮನೆಯನ್ನು ಉಳಿಸಿಕೊಳ್ಳಬೇಕೆ, ಕೆಡವಿ ತಾರಸಿ ಮನೆ ಕಟ್ಟಬೇಕೆ ಎಂಬ ಚರ್ಚೆ ಇಂದು ಮಲೆನಾಡಿನ ಊರೂರಲ್ಲಿದೆ. ಈ ಚರ್ಚೆ ಅನೇಕ ವೇಳೆ ಹುಟ್ಟುವುದು ಮಹಡಿಯಿಂದ. ಪಟ್ಟಣದಿಂದ ರಜೆಗೆ ಬರುವ ಮಗ ಸೊಸೆಯರಿಗೆ ಮಲಗುವ ಕೋಣೆ ಬೇಕು. ಅದರ ಪಕ್ಕದಲ್ಲೇ ಬಚ್ಚಲು, ಶೌಚಾಲಯ ಬೇಕು.

ಈ ಬೇಡಿಕೆಯನ್ನು ಷೋಕಿಯೆಂದು ತಳ್ಳಿಹಾಕುವುದು ಅನ್ಯಾಯ. ಆಷಾಢದ ಮಳೆಯಲ್ಲಿ ನಡುರಾತ್ರಿ ಕಡಿದಾದ ಮರದ ಮೆಟ್ಟಿಲಿಳಿದು, ಜಾರುವ ಅಂಗಳ ದಾಟಿ ಹಿತ್ತಿಲಿಗೆ ಹೋಗುವ ಕಷ್ಟ ವೃದ್ಧರಿಗೆ ಗೊತ್ತು, ಬಸುರಿಯರಿಗೆ ಗೊತ್ತು. ಹಳೆಯ ಮನೆಯನ್ನು ಹೊಗಳುವವರು ಮೊದಲು ಈ ಕಷ್ಟಕ್ಕೆ ಉತ್ತರ ಹೇಳಬೇಕು.

ಉತ್ತರ ಹೇಳಬೇಕಾದರೆ ಮಹಡಿಯ ರಚನೆಯನ್ನು ಅರಿಯಬೇಕು. ದಪ್ಪನೆಯ ಮಣ್ಣಿನ ಅಥವಾ ಜಂಬಿಟ್ಟಿಗೆಯ ಗೋಡೆ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆಯ ಮುಚ್ಚಿಗೆ, ಅದರ ಮೇಲೆ ಬಡಿದು ಕೂರಿಸಿದ ಮಣ್ಣು. ಅಡಿಕೆ, ಭತ್ತ, ಪಾತ್ರೆಪಗಡಗಳನ್ನು ಒಣಗಿದ ಸ್ಥಿತಿಯಲ್ಲಿ ಇಡುವುದಕ್ಕಾಗಿ ಕಟ್ಟಿದ ಜಾಗವದು. ಭಾರವನ್ನು ಅದು ಹೊರಬಲ್ಲದು, ನೀರನ್ನು ತಾಳಲಾರದು. ಆದುದರಿಂದಲೇ ಹಿರಿಯರು ಬಚ್ಚಲನ್ನು ನೆಲದ ಮೇಲೆ, ಹಂಡೆಯೊಲೆಯ ಸಮೇತ ಒಂದು ಬದಿಗೆ ಕಟ್ಟಿ, ಅದರ ನೀರನ್ನು ಬಾಳೆಯ ಬುಡಕ್ಕೆ ಹರಿಸಿದರು.

ಈ ತರ್ಕವನ್ನು ಮರೆತಾಗ ಅನಾಹುತ ಆರಂಭವಾಗುತ್ತದೆ. ಆರಡಿ ಅಗಲ, ಎಂಟಡಿ ಉದ್ದದ ಬಚ್ಚಲಿಗೆ ನಾಲ್ಕಿಂಚಿನ ಕಾಂಕ್ರೀಟು ಹಾಕಿದರೆ ಅದರ ತೂಕವೇ ಒಂದು ಟನ್ನಿಗೂ ಹೆಚ್ಚು. ಮೇಲೆ 500 ಲೀಟರಿನ ತೊಟ್ಟಿ ಇಟ್ಟರೆ ಇನ್ನೂ ಅರ್ಧ ಟನ್ನು. ಭಾರಕ್ಕಿಂತ ಕೆಟ್ಟದ್ದು ಸೋರಿಕೆ. ಟೈಲ್ಸಿನ ಅಡಿಯಲ್ಲಿ ಪೈಪಿನ ಬೆಸುಗೆ ಒಂದಿಷ್ಟು ಬಿಟ್ಟುಕೊಂಡರೂ ಹೊರಗೆ ಕಾಣಿಸುವುದಿಲ್ಲ. ಕಾಣಿಸುವ ಹೊತ್ತಿಗೆ ತೊಲೆಯ ತುದಿ ಮೆತ್ತಗಾಗಿ, ಗೆದ್ದಲು ಗೂಡು ಕಟ್ಟಿರುತ್ತದೆ. ಮಣ್ಣಿನ ಗೋಡೆಗೆ ಸಿಮೆಂಟಿನ ಗಾರೆ ಬಳಿದರೆ ಒಳಗಿನ ತೇವ ಹೊರಗೆ ಆರುವುದಿಲ್ಲ. ಸುಣ್ಣದ ಗಾರೆಯಾದರೆ ಗೋಡೆ ಉಸಿರಾಡುತ್ತದೆ. ಹೆಂಚಿನ ಕೆಳಗೆ ಪ್ಲೈವುಡ್ಡಿನ ಒಳಮಾಡು ಹೊಡೆಯುವುದೂ ಅಪಾಯವೇ. ಹೆಂಚು ಒಡೆದದ್ದು ತಿಳಿಯದೆ ಹೋಗುತ್ತದೆ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಹಾಗಾದರೆ ದಾರಿ ಯಾವುದು? ದುರಸ್ತಿಯ ಮೊದಲ ಹೆಜ್ಜೆ ಸುರಿಯುವ ಮಳೆಯಲ್ಲಿ ದೀಪ ಹಿಡಿದು ಅಟ್ಟ ಹತ್ತುವುದು. ಎಲ್ಲಿ ಸೋರುತ್ತದೆ, ಯಾವ ಪಕಾಸಿ ಕೊಳೆತಿದೆ ಎಂಬುದನ್ನು ಗುರುತು ಹಾಕಿಕೊಂಡು, ಕೆಟ್ಟದ್ದನ್ನು ಮಾತ್ರ ಬದಲಿಸಬೇಕು. ಕೋಣೆಗಳನ್ನು ಬೇರ್ಪಡಿಸಲು ಇಟ್ಟಿಗೆಯ ಗೋಡೆ ಬೇಡ. ಹಳೆಯ ಹಲಗೆಗಳ ಅಡ್ಡಗೋಡೆ ಸಾಕು. ಕತ್ತಲೆಗೆ ನಾಲ್ಕಾರು ಗಾಜಿನ ಹೆಂಚು, ಸೆಖೆಗೆ ಎದುರುಬದುರಾದ ಎರಡು ಕಿಟಕಿ.

ಬಚ್ಚಲನ್ನು ಮಾತ್ರ ಮುಚ್ಚಿಗೆಯ ಮೇಲೆ ಕೂರಿಸಬಾರದು. ಹಿಂಬದಿಯ ಗೋಡೆಗೆ ತಾಗಿಕೊಂಡಂತೆ, ತನ್ನದೇ ಅಡಿಪಾಯದ ಮೇಲೆ ಕಂಬಗಳನ್ನೆಬ್ಬಿಸಿ ಎರಡಂತಸ್ತಿನ ಸಣ್ಣ ಕಟ್ಟಡ ಕಟ್ಟಿ, ಮಹಡಿಯಿಂದ ಅದಕ್ಕೊಂದು ಬಾಗಿಲು ತೆರೆಯಬೇಕು. ಎರಡು ಕಟ್ಟಡಗಳ ಮಾಡು ಕೂಡುವ ಸಂದಿಗೆ ಸರಿಯಾದ ದೋಣಿ ಇಡಬೇಕು. ಆಗ ನೀರು ಸೋರಿದರೂ ಹಳೆಯ ಮರ ನೆನೆಯುವುದಿಲ್ಲ. ಪೈಪುಗಳು ಹೊರಮೈಯಲ್ಲಿದ್ದರೆ ಸೋರಿಕೆ ಅಂದೇ ಕಣ್ಣಿಗೆ ಬೀಳುತ್ತದೆ. ಮೇಲೆ ಮಕ್ಕಳಿಗೊಂದು ಬಚ್ಚಲಾದರೆ, ಕೆಳಗೆ ಮೆಟ್ಟಿಲೇರಲಾರದ ಅಜ್ಜಿಗೂ ಒಂದು ಸಿಗುತ್ತದೆ.

ಶೌಚದ ನೀರಿಗೆ ಜೋಡಿಗುಂಡಿ ಉತ್ತಮ. ಒಂದು ತುಂಬಿದಾಗ ಇನ್ನೊಂದಕ್ಕೆ ತಿರುಗಿಸಿದರೆ ಮೊದಲನೆಯದು ಕಾಲಕ್ರಮದಲ್ಲಿ ಗೊಬ್ಬರವಾಗುತ್ತದೆ. ಗುಂಡಿ ಬಾವಿಯಿಂದ ಕನಿಷ್ಠ 10 ಮೀಟರು ದೂರ, ಇಳಿಜಾರಿನ ಕೆಳಬದಿಯಲ್ಲಿರಬೇಕು. ಜಂಬಿಟ್ಟಿಗೆಯ ನೆಲದಲ್ಲಿ ನೀರು ಬೇಗನೆ ಇಳಿದು ಹರಡುವುದರಿಂದ ಇನ್ನೂ ದೂರವಿದ್ದಷ್ಟು ಕ್ಷೇಮ. ಮೀಯುವ ನೀರು ಗುಂಡಿಗೆ ಸೇರದೆ ತೋಟಕ್ಕೇ ಹೋಗಲಿ. ನೂರು ಲೀಟರು ನೀರನ್ನು 30 ಡಿಗ್ರಿಯಷ್ಟು ಬಿಸಿಮಾಡಲು ಸುಮಾರು ಮೂರೂವರೆ ಯೂನಿಟ್ ವಿದ್ಯುತ್ ಬೇಕು. ಬಿಸಿಲುಗಾಲದಲ್ಲಿ ಸೌರ ಹೀಟರು, ಮಳೆಗಾಲದಲ್ಲಿ ತೋಟದ ಕಸಕಡ್ಡಿ ಉರಿಸುವ ಹಂಡೆಯೊಲೆ ಇದ್ದರೆ ಆ ಹೊರೆ ತಗ್ಗುತ್ತದೆ.

ಕೇರಳದಲ್ಲಿ ನೆಲೆಸಿ 2007ರಲ್ಲಿ ತೀರಿಕೊಂಡ ವಾಸ್ತುಶಿಲ್ಪಿ ಲಾರಿ ಬೇಕರ್, ಮನೆಯ ಸಾಮಗ್ರಿ ಐದು ಮೈಲಿಯೊಳಗೇ ದೊರೆಯಬೇಕೆಂಬ ಗಾಂಧೀಜಿಯ ವಿಚಾರವನ್ನು ಮಾರ್ಗದರ್ಶಿಯಾಗಿ ಇಟ್ಟುಕೊಂಡಿದ್ದರು. ಹಳೆಯ ಮನೆಯ ಸಾಮಗ್ರಿಗೆ ಅಷ್ಟು ದೂರವೂ ಇಲ್ಲ. ಅದು ಆಗಲೇ ತಲೆಯ ಮೇಲಿದೆ. ಕೆಡವಿದ ಮನೆಯ ತೊಲೆ ಗುಜರಿಗೆ ಹೋದರೆ, ಅದರ ಬದಲಿಗೆ ಬರುವುದು ದೂರದ ಸಿಮೆಂಟು ಮತ್ತು ಯಾವುದೋ ಹೊಳೆಯ ಮರಳು.

ವಿದ್ಯಾರ್ಥಿಗಳು ಈ ರಜೆಯಲ್ಲಿ ತಮ್ಮ ಊರಿನ ಹಳೆಯ ಮನೆಗಳ ಅಟ್ಟ ಹತ್ತಿ, ತೊಲೆ ಜಂತಿಗಳ ಸ್ಥಿತಿಯನ್ನು ಬರೆದಿಡಲಿ. ಊರಿನ ಹಿರಿಯ ಆಚಾರಿಗಳ ಬಳಿ ಕುಳಿತು ಕೇಳಲಿ. ಆ ಕೆಲಸ ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಮನೆ ಉಳಿಯಬೇಕಾದರೆ ಅದರಲ್ಲಿ ವಾಸಿಸುವವರಿಗೆ ಸುಖವಿರಬೇಕು. ಆ ಸುಖವನ್ನು ಕೆಡವದೆಯೂ ಒದಗಿಸಬಹುದೆಂಬುದನ್ನು ಪ್ರತಿ ಊರಿನಲ್ಲಿ ಒಂದಾದರೂ ಮನೆ ಮಾಡಿ ತೋರಿಸಲಿ.